ಹನ್ನಳ ಕಣ್ಣೀರು ಮತ್ತು ಯಂತ್ರದ ಅಂಕ

ಸಮುವೇಲನ ಗ್ರಂಥದ ಆರಂಭದಲ್ಲಿ ಬರುವ ಹನ್ನಳನ್ನು ನೀವು ಬಲ್ಲಿರಿ. ಮಕ್ಕಳಿಲ್ಲದ ಆಕೆ ಶಿಲೋವಿನ ದೇವಾಲಯದಲ್ಲಿ ಮೌನವಾಗಿ ಪ್ರಾರ್ಥಿಸುತ್ತಿದ್ದಾಗ, ಅಲುಗುವ ತುಟಿಗಳನ್ನಷ್ಟೇ ಕಂಡ ಯಾಜಕ ಏಲಿ ಆಕೆ ಕುಡಿದಿದ್ದಾಳೆಂದು ಭಾವಿಸಿದ. ಅವನು ಕಂಡದ್ದು ನಿಜ, ಕೊಟ್ಟ ತೀರ್ಪು ತಪ್ಪು. 2024ರ ಆಗಸ್ಟ್‌ನಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದುವಾಗ ನನಗೆ ಈ ಪ್ರಸಂಗ ನೆನಪಾಯಿತು.

1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಜನಿಸಿತು. ಆ ಚಿಕಿತ್ಸೆ ಜಗತ್ತಿನಲ್ಲೆಲ್ಲ ಹರಡಿದಂತೆ ಒಂದು ಪ್ರಶ್ನೆಯೂ ಬೆಳೆಯಿತು: ಹಲವು ಭ್ರೂಣಗಳಲ್ಲಿ ಯಾವುದನ್ನು ತಾಯಿಯ ಗರ್ಭಕ್ಕೆ ಸೇರಿಸಬೇಕು? ಐದನೆಯ ದಿನ ಭ್ರೂಣತಜ್ಞರು ಸೂಕ್ಷ್ಮದರ್ಶಕದಲ್ಲಿ ಭ್ರೂಣದ ಹಿಗ್ಗುವಿಕೆಯನ್ನೂ, ಮಗುವಾಗಿ ಬೆಳೆಯುವ ಒಳಗಿನ ಕೋಶಸಮೂಹವನ್ನೂ, ಮಾಸವಾಗಿ ಬೆಳೆಯುವ ಹೊರಪದರವನ್ನೂ ನೋಡಿ ದರ್ಜೆ ನೀಡುತ್ತಾರೆ. ಒಂದೇ ಭ್ರೂಣಕ್ಕೆ ಇಬ್ಬರು ತಜ್ಞರು ಬೇರೆ ಬೇರೆ ದರ್ಜೆ ನೀಡುವುದುಂಟು. ಈ ಕೊರತೆಯನ್ನು ನೀಗಲು ಕೃತಕ ಬುದ್ಧಿಮತ್ತೆ ಬಂದಿದೆ. ಅಧ್ಯಯನಕ್ಕೆ ಒಳಪಟ್ಟ ‘ಐಡಾಸ್ಕೋರ್’ ಎಂಬ ವ್ಯವಸ್ಥೆಯು ಇನ್‌ಕ್ಯುಬೇಟರಿನ ಕ್ಯಾಮೆರಾ ತೆಗೆದ ಚಿತ್ರಗಳನ್ನು ನೋಡಿ ಪ್ರತಿ ಭ್ರೂಣಕ್ಕೂ ಒಂದು ಅಂಕ ನೀಡುತ್ತದೆ.

ಆಸ್ಟ್ರೇಲಿಯಾ ಮತ್ತು ಯೂರೋಪಿನ 14 ಚಿಕಿತ್ಸಾಲಯಗಳಲ್ಲಿ 1,066 ಮಹಿಳೆಯರನ್ನು ಎರಡು ಸಮಗುಂಪುಗಳಾಗಿ ವಿಂಗಡಿಸಲಾಯಿತು. ಯಂತ್ರ ಆರಿಸಿದ ಗುಂಪಿನಲ್ಲಿ ಶೇ. 46.5ರಷ್ಟು, ತಜ್ಞರು ಆರಿಸಿದ ಗುಂಪಿನಲ್ಲಿ ಶೇ. 48.2ರಷ್ಟು ಮಹಿಳೆಯರು ಗರ್ಭ ಧರಿಸಿದರು. ಯಂತ್ರವು ಮನುಷ್ಯನಿಗಿಂತ ಕೀಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅದು ಮನುಷ್ಯನಿಗಿಂತ ಕಡಿಮೆಯಲ್ಲವೆಂದು ತೋರಿಸಲು ಹೊರಟ ಸಂಶೋಧಕರಿಗೆ ಅದನ್ನೂ ಸಿದ್ಧಪಡಿಸಲಾಗಲಿಲ್ಲ. ಈ ಸೋಲನ್ನು ಮುಚ್ಚಿಡದೆ ಪ್ರಕಟಿಸಿದ ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಸ್ಪಷ್ಟವಾಗಿ ಕಂಡ ಲಾಭ ವೇಗದ್ದು: ತಜ್ಞರಿಗೆ ಸರಾಸರಿ 208 ಸೆಕೆಂಡು ಹಿಡಿದ ಕೆಲಸ ಯಂತ್ರದ ನೆರವಿನಿಂದ 21 ಸೆಕೆಂಡುಗಳಲ್ಲಿ ಮುಗಿಯಿತು.

ಈ ವೇಗ ಯಾರಿಗೆ ಬೇಕು? ಪ್ರಯೋಗಾಲಯದ ಕೆಲಸದ ಹೊರೆ ಇಳಿಯುವುದು ಸಣ್ಣ ಸಂಗತಿಯಲ್ಲ. ಆದರೆ ವರ್ಷಗಟ್ಟಲೆ ಕಾದ ದಂಪತಿಗಳು ಕೇಳುವುದು ಮಗುವನ್ನು; ಮೂರು ನಿಮಿಷದ ಉಳಿತಾಯವನ್ನಲ್ಲ. ಅವರಿಗೆ ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರನ್ನು ಭರವಸೆಯಂತೆ ಮಾರುವುದು ಅನ್ಯಾಯ.

ಇನ್ನೊಂದು ಮಿತಿ ಇದಕ್ಕಿಂತ ಆಳವಾದುದು. ಯಂತ್ರ ಕಲಿಯುವುದು ಹಿಂದಿನ ಚಿಕಿತ್ಸೆಗಳ ದಾಖಲೆಗಳಿಂದ. ಗರ್ಭಕ್ಕೆ ಸೇರಿದ ಭ್ರೂಣ ನಿಲ್ಲದೆ ಹೋದರೆ ಕಾರಣ ಭ್ರೂಣವೋ ಗರ್ಭಕೋಶವೋ ಎಂಬುದನ್ನು ಚಿತ್ರ ಹೇಳಲಾರದು. ಇಂತಹ ಕೆಲವು ವ್ಯವಸ್ಥೆಗಳಿಗೆ ಕಲಿಸುವಾಗ ತಜ್ಞರು ಬದಿಗಿಟ್ಟ ಭ್ರೂಣಗಳನ್ನೂ ವಿಫಲವೆಂದೇ ಎಣಿಸಲಾಗಿದೆ. ಅವು ಬೆಳೆಯುತ್ತಿದ್ದವೋ ಇಲ್ಲವೋ ಯಾರೂ ಅರಿಯರು. ಹೀಗೆ ಮನುಷ್ಯನ ಹಳೆಯ ತೀರ್ಪೇ ಅಂಕದ ರೂಪ ತಾಳಿ ಹೊಸ ಜ್ಞಾನದಂತೆ ಮರಳಿ ಬರುವ ಅಪಾಯವಿದೆ.

ಧರ್ಮಸಭೆಯ ಆಕ್ಷೇಪ ಈ ಯಂತ್ರಕ್ಕಿಂತ ಹಳೆಯದು. 1987ರ ‘ದೋನುಮ್ ವಿತೇ’ ಹಾಗೂ 2008ರ ‘ದಿಗ್ನಿತಾಸ್ ಪೆರ್ಸೋನೆ’ ಬೋಧನೆಗಳು, ಗರ್ಭಾಂಕುರದ ಕ್ಷಣದಿಂದಲೇ ಮಾನವ ಜೀವಕ್ಕೆ ವ್ಯಕ್ತಿಗೆ ಸಲ್ಲುವ ಗೌರವ ಸಲ್ಲಬೇಕೆಂದೂ, ಸಂತಾನವು ದಾಂಪತ್ಯದ ಮಿಲನದಿಂದಲೇ ಉದಯಿಸಬೇಕೆಂದೂ ಸಾರಿವೆ. ಆರಿಸುವ, ತೊರೆಯುವ ಕ್ರಿಯೆಯನ್ನು ಯಂತ್ರ ಆರಂಭಿಸಲಿಲ್ಲ. ಆದರೆ ತೊರೆಯುವ ಕೈಯ ಹಿಂಜರಿಕೆಯನ್ನು ಅದು ಕಡಿಮೆ ಮಾಡಬಲ್ಲದು. ‘ನಾನು ಬೇಡವೆಂದೆ’ ಎನ್ನುವ ಬದಲು ‘ಅಂಕ ಕಡಿಮೆ ಬಂತು’ ಎನ್ನುವುದು ಸುಲಭ.

ಇಷ್ಟು ಹೇಳಿದ ಮೇಲೆ ನಮ್ಮನ್ನೂ ಪರೀಕ್ಷಿಸಿಕೊಳ್ಳೋಣ. ಮಕ್ಕಳಿಲ್ಲದ ಸೋದರಿಯನ್ನು ನಾಮಕರಣಕ್ಕೆ ಕರೆಯದೆ, ಮದುವೆ ಮನೆಯಲ್ಲಿ ಪ್ರಶ್ನೆಗಳಿಂದ ಇರಿದು, ಬಳಿಕ ಆಕೆ ಚಿಕಿತ್ಸಾಲಯದ ಮೆಟ್ಟಿಲೇರಿದಾಗ ಉಪದೇಶ ನೀಡುವ ಹಕ್ಕು ನಮಗೆಲ್ಲಿದೆ? ಏಲಿ ಹನ್ನಳ ಮಾತನ್ನು ಕೇಳಿದ ಮೇಲೆ ತನ್ನ ತೀರ್ಪನ್ನು ಬಿಟ್ಟು ಆಕೆಯನ್ನು ಹರಸಿ ಕಳುಹಿಸಿದ.

ಹನ್ನಳ ಮಗ ಸಮುವೇಲನೂ ಮುಂದೆ ಜೆಸ್ಸೆಯ ಮನೆಯಲ್ಲಿ ಹಿರಿಯ ಮಗನ ಎತ್ತರ ಕಂಡು ಇವನೇ ಅರಸನೆಂದುಕೊಂಡ. ದೇವರು ಆರಿಸಿದವನು ಆಗ ಆ ಸಾಲಿನಲ್ಲೇ ಇರಲಿಲ್ಲ. ಹೊಲದಲ್ಲಿ ಕುರಿ ಕಾಯುತ್ತಿದ್ದ.