‘ಸೀಮಾಬದ್ಧ’: ಸಂಬಳದವನ ಎಲ್ಲೆ

ಸತ್ಯಜಿತ್ ರಾಯ್ ಅವರು 1943ರಲ್ಲಿ ಕಲ್ಕತ್ತೆಯ ಡಿ. ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಗೆ ತಿಂಗಳಿಗೆ 80 ರೂಪಾಯಿ ಸಂಬಳದ ಮೇಲೆ ಚಿತ್ರಕಾರರಾಗಿ ಸೇರಿದವರು. ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ ನಡೆದಾಗಲೂ ಆ ನೌಕರಿಯನ್ನು ಬಿಟ್ಟಿರಲಿಲ್ಲ. ಸರಕಿಗೆ ಮಾತಿನ ಮೆರುಗು ಕೊಟ್ಟು ಮಾರುವವರ ಒಳಮನೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಶಂಕರ್ ಅವರ ಬಂಗಾಳಿ ಕಾದಂಬರಿಯನ್ನು ಆಧರಿಸಿ ಅವರು 1971ರಲ್ಲಿ ತೆಗೆದ ‘ಸೀಮಾಬದ್ಧ’ದಲ್ಲಿ ಈ ತಿಳಿವಳಿಕೆ ಎದ್ದು ಕಾಣುತ್ತದೆ. ನಾಯಕನ ಪಾತ್ರ ವಹಿಸಿದ ಬರುಣ್ ಚಂದ ಕೂಡ ಜಾಹೀರಾತು ಕ್ಷೇತ್ರದವರೇ.

ಪಾಟ್ನಾದಿಂದ ಕಲ್ಕತ್ತೆಗೆ ಬಂದ ಜಾಣ ಶ್ಯಾಮಲೇಂದು ಫ್ಯಾನು ತಯಾರಿಸುವ ಕಂಪೆನಿಯೊಂದರಲ್ಲಿ ಮಾರಾಟದ ಮುಖ್ಯಸ್ಥ. ಡೈರೆಕ್ಟರ್ ಪದವಿ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಆಗಲೇ, ಪರದೇಶಕ್ಕೆ ಹೋಗಬೇಕಾದ ಫ್ಯಾನುಗಳಲ್ಲಿ ದೋಷವಿರುವುದು ಪತ್ತೆಯಾಗುತ್ತದೆ. ಹೇಳಿದ ದಿನಕ್ಕೆ ಕಳುಹಿಸದಿದ್ದರೆ ನಷ್ಟ, ಕೆಟ್ಟ ಹೆಸರು. ಆದರೆ ಕಾರ್ಖಾನೆಯಲ್ಲಿ ಗಲಭೆಯಾಗಿ ಕೆಲಸ ನಿಂತರೆ ವಿಳಂಬಕ್ಕೆ ಕಂಪೆನಿ ಹೊಣೆಯಲ್ಲವೆಂದು ಕರಾರಿನಲ್ಲೇ ಒಂದು ಷರತ್ತಿದೆ. ಕಾರ್ಮಿಕ ಅಧಿಕಾರಿಯೊಡನೆ ಗುಟ್ಟಾಗಿ ಮಾತಾಡಿ ಆ ಗಲಭೆಯನ್ನೇ ಹುಟ್ಟಿಸಲಾಗುತ್ತದೆ. ಕಾವಲುಗಾರನೊಬ್ಬ ಗಾಯಗೊಂಡು ಆಸ್ಪತ್ರೆ ಸೇರುತ್ತಾನೆ. ಶ್ಯಾಮಲೇಂದು ಡೈರೆಕ್ಟರ್ ಆಗುತ್ತಾನೆ.

ಇಲ್ಲಿ ಯಾರೂ ಕಾಗದದ ಮೇಲೆ ಸುಳ್ಳು ಬರೆಯುವುದಿಲ್ಲ. ಇದು ನಮಗೆ ಬಹಳ ಮುಖ್ಯವೆನಿಸುತ್ತದೆ. ಕರಾರು ನಿಜ, ಷರತ್ತು ನಿಜ, ಕೆಲಸ ನಿಂತದ್ದೂ ನಿಜ. ಕಡತವನ್ನು ತೆಗೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. (ಕಡತಗಳ ನಡುವೆ ಆಯುಷ್ಯ ಸವೆಸುವ ನಮ್ಮಂಥವರಿಗೆ ಈ ಮಾತು ಬೇಗ ನಾಟುತ್ತದೆ.) ಮೇಲಿನವರೂ ಕೇಡನ್ನು ಬಾಯಿಬಿಟ್ಟು ಕೇಳುವುದಿಲ್ಲ. ಅವರಿಗೆ ಬೇಕಾದದ್ದೇನೆಂದು ನೌಕರನೇ ಊಹಿಸಿ, ತಾನೇ ಉಪಾಯ ಹೂಡಿ, ತಂದು ಒಪ್ಪಿಸುತ್ತಾನೆ. ಜಾಹೀರಾತಿನ ವ್ಯವಹಾರವೂ ಹೀಗೆಯೇ. ‘ಸುಳ್ಳು ಬರೆ’ ಎನ್ನುವ ಒಡೆಯ ಅಪರೂಪ. ‘ಗಿರಾಕಿ ಕೈಬಿಟ್ಟು ಹೋಗಬಾರದು, ನೋಡಿಕೊಳ್ಳಿ’ ಎಂದರೆ ಸಾಕು, ಉಳಿದದ್ದನ್ನು ಸಂಬಳದವನು ಮಾಡಿ ಮುಗಿಸುತ್ತಾನೆ. ಬಿ.ಎಸ್ಸಿ. ತರಗತಿಯಲ್ಲಿ ನಮಗೆ ಕಲಿಸಿದ್ದು ಅಳತೆ ಸರಿಯಿಲ್ಲದಿದ್ದರೆ ಸರಿಯಿಲ್ಲವೆಂದೇ ಬರೆಯಲು. ಆ ಕಚೇರಿಗಳಲ್ಲಿ ‘ಸರಿಯಿಲ್ಲ’ ಎಂಬುದಕ್ಕೆ ಬೇರೊಂದು ಹೆಸರು ಹುಡುಕಿಕೊಡುವವನೇ ಬುದ್ಧಿವಂತ.

ಕೊನೆಯಲ್ಲಿ ಲಿಫ್ಟು ಕೆಟ್ಟಿರುತ್ತದೆ. ಹೊಸ ಡೈರೆಕ್ಟರು ಮಹಡಿ ಮೇಲೆ ಮಹಡಿ ಹತ್ತುತ್ತ ಏದುಸಿರು ಬಿಡುತ್ತಾನೆ. ಅವನು ಕೊಟ್ಟಿದ್ದ ಕೈಗಡಿಯಾರವನ್ನು ನಾದಿನಿ ಟುಟುಲ್ ಒಂದು ಮಾತೂ ಆಡದೆ ಕಳಚಿಡುತ್ತಾಳೆ. ಶರ್ಮಿಳಾ ಟ್ಯಾಗೋರ್ ಅವರ ಈ ಮೌನಕ್ಕೆ ಸಮನಾದದ್ದು ಚಿತ್ರದಲ್ಲಿ ಇನ್ನೊಂದಿಲ್ಲ.

ಆದರೂ ನಮ್ಮ ತಕರಾರು ಇರುವುದು ಇಲ್ಲಿಯೇ. ತೀರ್ಪು ಕೊಡುವವಳು ಪಾಟ್ನಾದಿಂದ ನಾಲ್ಕು ದಿನಕ್ಕೆ ಬಂದ ಅತಿಥಿ. ಅವಳಿಗೆ ಸಂಬಳವಿಲ್ಲ, ಬಡ್ತಿಯಿಲ್ಲ, ಕಂಪೆನಿಯ ಫ್ಲಾಟೂ ಇಲ್ಲ. ಅದೇ ಕಚೇರಿಯಲ್ಲಿ ಮೇಜಿನಾಚೆ ಕುಳಿತು, ‘ಇದು ನನ್ನಿಂದಾಗದು’ ಎಂದವನೊಬ್ಬನೂ ರಾಯ್ ಅವರಿಗೆ ಕಾಣಲಿಲ್ಲವೇ? ಅಂಥವನಿಗೆ ಆಮೇಲೇನಾಯಿತೆಂಬುದು ಹೆಚ್ಚು ಕಠಿಣವಾದ ಕಥೆಯಾಗುತ್ತಿತ್ತು. ಗಾಯಗೊಂಡ ಕಾವಲುಗಾರನೂ ಚಿತ್ರಕ್ಕೆ ಒಂದು ಸುದ್ದಿಯಾಗಿ ಮಾತ್ರ ಉಳಿಯುತ್ತಾನೆ. ಅವನ ಮನೆಯ ಬಾಗಿಲಿಗೆ ಕ್ಯಾಮೆರಾ ಹೋಗುವುದಿಲ್ಲ.

ಈ ಪ್ರಶ್ನೆ ಹಳತಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕನಿಗೂ ಅದರಲ್ಲಿ ಮುಖ ತೋರಿಸಿದ ತಾರೆಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶ ಕೊಟ್ಟಿದೆ. ಒಳಗಿನಿಂದಲೇ ಆಕ್ಷೇಪಿಸಿದ ನೌಕರನ ಗತಿಯೇನು? 2013ರ ಕಂಪೆನಿ ಕಾಯಿದೆಯಂತೆ, ನೌಕರರ ದೂರು ಕೇಳಿ ಅವರನ್ನು ಕಾಪಾಡುವ ಏರ್ಪಾಡು ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪೆನಿಗಳಿಗೂ ಇನ್ನು ಕೆಲವು ಬಗೆಯವಕ್ಕೂ ಮಾತ್ರ ಕಡ್ಡಾಯ. ಹತ್ತು ಹದಿನೈದು ಜನರ ಸಣ್ಣ ಜಾಹೀರಾತು ಕಚೇರಿ ಸಾಮಾನ್ಯವಾಗಿ ಅದರ ಹೊರಗೇ ಉಳಿಯುತ್ತದೆ. ನಮ್ಮ ಸಂಘದ ಮನೆಗಳಿಂದ ಪದವಿ ಮುಗಿಸಿ ಹೊರಟ ಮಕ್ಕಳು ಎಷ್ಟೋ ವೇಳೆ ಮೊದಲು ಕಾಲಿಡುವುದು ಅಂಥ ಕಚೇರಿಗಳಿಗೇ. ಆ ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡಿ, ಶ್ಯಾಮಲೇಂದುವಿನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ವಾಚಕರು ಕೇಳಬಹುದು. ‘ನೀವಾಗಿದ್ದರೆ?’ ಎಂದು ಅವರು ತಿರುಗಿ ಕೇಳಿದರೆ ಉತ್ತರ ಸಿದ್ಧವಿರಲಿ.