ಕ್ಷಮಾಯಾಚನೆಯಿಂದ ಪರಿಹಾರದೆಡೆಗೆ

2022ರ ಜುಲೈ 25ರಂದು ಕೆನಡಾದ ಮಸ್ಕ್ವಾಚೀಸ್‌ನಲ್ಲಿ ಪೋಪ್ ಫ್ರಾನ್ಸಿಸ್‌ರವರು ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ಅನ್ಯಾಯಕ್ಕಾಗಿ ಕ್ಷಮೆ ಬೇಡಿದರು. ಅವರ ಪಶ್ಚಾತ್ತಾಪ ನಿಸ್ಸಂದೇಹವಾದುದು. ಪಾಪನಿವೇದನೆ ಮಾತ್ರ ಅಪೂರ್ಣ. ಕೆಡುಕನ್ನು ಅನೇಕ ಕ್ರೈಸ್ತರ ಕೃತ್ಯವೆಂದು ಆ ಭಾಷಣ ಒಪ್ಪಿತೇ ಹೊರತು, ಧರ್ಮಸಭೆಯ ಸಾಂಸ್ಥಿಕ ಹೊಣೆಯನ್ನು ಸ್ಪಷ್ಟವಾಗಿ ಹೆಸರಿಸಲಿಲ್ಲ. ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾಗಿದ್ದ ಮರ್ರೆ ಸಿಂಕ್ಲೇರ್ ಎತ್ತಿದ ಆಕ್ಷೇಪವೂ ಇದೇ.

ಪಶ್ಚಾತ್ತಾಪ, ನಿವೇದನೆಗಳ ಜೊತೆಗೆ ಪರಿಹಾರಕಾರ್ಯವೂ ಬೇಕೆಂದು ನಾವೇ ಬೋಧಿಸುತ್ತೇವೆ. ಇಲ್ಲಿ ಪರಿಹಾರವೆಂದರೇನು? ಉತ್ತರಕ್ಕಾಗಿ ವಿನ್ನಿಪೆಗ್ ನಗರವನ್ನು ನೋಡಬೇಕು. ಅಲ್ಲಿ 1984ರಲ್ಲಿ ಮೂಲನಿವಾಸಿಗಳೇ ಸ್ಥಾಪಿಸಿದ ‘ಮಾ ಮಾವಿ ವಿ ಚಿ ಇಟಾಟಾ’ ಕೇಂದ್ರವಿದೆ. ಒಜಿಬ್ವೆ ಭಾಷೆಯ ಆ ಹೆಸರಿಗೆ ‘ಒಬ್ಬರಿಗೊಬ್ಬರು ನೆರವಾಗಲು ಎಲ್ಲರೂ ಕೂಡಿ ದುಡಿಯುತ್ತೇವೆ’ ಎಂದರ್ಥ. ಮಕ್ಕಳು ಮನೆಯಿಂದ ಅಗಲದಂತೆ ಕುಟುಂಬಗಳಿಗೆ ಆಸರೆಯಾಗುವುದು, ಪಾರಂಪರಿಕ ಸಂಸ್ಕೃತಿಯನ್ನು ನಗರದ ನಡುವೆ ಉಳಿಸುವುದು ಅದರ ಕಾರ್ಯ. ವಸತಿಶಾಲೆ ಕಡಿದುಹಾಕಿದ್ದು ಈ ಬಂಧಗಳನ್ನೇ.

ಆದ್ದರಿಂದ ಪರಿಹಾರವೆಂದರೆ ಇನ್ನೊಂದು ಮಿಷನ್ ತೆರೆಯುವುದಲ್ಲ. ಇಂತಹ ಕೇಂದ್ರಗಳಿಗೆ ನೆರವಿತ್ತು, ಅಧಿಕಾರವನ್ನು ಅವರ ಕೈಯಲ್ಲೇ ಬಿಡುವುದು. ಸಂತೈಸುವುದು ಸದಾ ನಮ್ಮ ಪಾತ್ರವೆಂದು ನಂಬಿದ ಯಾಜಕರಿಗೆ ಇದು ಕಠಿಣ. ಪಶ್ಚಾತ್ತಾಪಿಯು ತನ್ನ ಪ್ರಾಯಶ್ಚಿತ್ತವನ್ನು ತಾನೇ ವಿಧಿಸಿಕೊಳ್ಳುವುದಿಲ್ಲ ಎಂಬುದನ್ನು ನಾವು ಮರೆಯಬಾರದು.