ನೂರು ಪಟ್ಟು ಗಟ್ಟಿ: ಯಾವ ಲೆಕ್ಕದಲ್ಲಿ?

ಕಾರ್ಬನ್ ನ್ಯಾನೋಟ್ಯೂಬ್ ಎಂಬ ಹೆಸರು ಬಂದಲ್ಲೆಲ್ಲ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: ಉಕ್ಕಿಗಿಂತ ನೂರು ಪಟ್ಟು ಗಟ್ಟಿ, ತೂಕ ಆರನೇ ಒಂದು ಪಾಲು. ಪತ್ರಿಕೆಗಳ ವಿಜ್ಞಾನ ಪುಟ, ಕ್ವಿಜ್ ಪುಸ್ತಕ, ಸಂಶೋಧನೆಗೆ ದುಡ್ಡು ಕೇಳುವ ಅರ್ಜಿ, ಎಲ್ಲ ಕಡೆಯೂ ಇದು ಸವೆಯದ ನಾಣ್ಯದಂತೆ ಓಡಾಡುತ್ತಿದೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಈ ವಸ್ತು ಗೆದ್ದಿತೋ ಸೋತಿತೋ ಎಂದು ವಾದಿಸುವ ಎರಡೂ ಕಡೆಯವರು ಇದನ್ನೇ ಅಳತೆಗೋಲಾಗಿ ಹಿಡಿದಿದ್ದಾರೆ. ನನ್ನ ತಕರಾರು ಆ ಅಳತೆಗೋಲಿನ ಮೇಲೆ.

ಜಪಾನಿನ ಎನ್‌ಇಸಿ ಪ್ರಯೋಗಾಲಯದ ಸುಮಿಯೋ ಇಜಿಮಾ 1991ರಲ್ಲಿ ಬರೆದ ಪ್ರಬಂಧದಿಂದ ಇಂಗಾಲದ ಈ ಅತಿಸೂಕ್ಷ್ಮ ಕೊಳವೆಗಳು ಲೋಕಪ್ರಸಿದ್ಧವಾದವು. ಅವುಗಳ ಬಲದ ಬಗ್ಗೆ ಹೆಚ್ಚು ಉಲ್ಲೇಖವಾಗುವ ಅಳತೆ 2000ದ್ದು. ಅಮೆರಿಕದ ಸೇಂಟ್ ಲೂಯಿಯಲ್ಲಿ ರಾಡ್ನಿ ರುವಾಫ್ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಎರಡು ಅತಿಸೂಕ್ಷ್ಮ ಸೂಜಿಮೊನೆಗಳ ನಡುವೆ ಒಂದೊಂದು ಕೊಳವೆಯನ್ನು ಅಂಟಿಸಿ, ಹರಿಯುವ ತನಕ ಎಳೆಯಿತು. ಒಂದರೊಳಗೊಂದು ಸೇರಿದ ಹಲವು ಗೋಡೆಗಳ ಕೊಳವೆಗಳವು. ಎಳೆದಾಗ ಹೊರಗಿನ ಗೋಡೆ ಮಾತ್ರ ಹರಿಯಿತು. ಒಳಗಿನವು ಒರೆಯಿಂದ ಕತ್ತಿ ಹಿರಿದಂತೆ ಸಲೀಸಾಗಿ ಜಾರಿ ಹೊರಬಂದವು. ಒರೆ ಮತ್ತು ಕತ್ತಿಯ ಈ ಹೋಲಿಕೆ ಆ ವಿಜ್ಞಾನಿಗಳದೇ. ಪರೀಕ್ಷಿಸಿದ 19 ಕೊಳವೆಗಳ ಬಲ 11ರಿಂದ 63 ಗಿಗಾಪ್ಯಾಸ್ಕಲ್‌ವರೆಗೆ ಹರಡಿತ್ತು.

ಈ ಅಂಕಿಯನ್ನು ಲೆಕ್ಕ ಹಾಕುವಾಗ ಭಾರವನ್ನು ಭಾಗಿಸಿದ್ದು ಹೊರಗೋಡೆಯ ವಿಸ್ತೀರ್ಣದಿಂದ ಮಾತ್ರ. ಒಳಗಿನ ಗೋಡೆಗಳು ಭಾರ ಹೊರಲಿಲ್ಲ, ಹಾಗಾಗಿ ಲೆಕ್ಕಕ್ಕೂ ಬರಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಇದು ಸರಿಯೇ. ಆದರೆ ಸಾಮಾನು ಮಾಡುವವನಿಗೆ ಕೊಳವೆ ಇಡಿಯಾಗಿ ಸಿಗುತ್ತದೆಯೇ ಹೊರತು ಹೊರಸಿಪ್ಪೆ ಮಾತ್ರ ಸಿಗುವುದಿಲ್ಲ. ಇಡೀ ಅಡ್ಡಕೊಯ್ತವನ್ನು ಲೆಕ್ಕಕ್ಕೆ ಹಿಡಿದರೆ ಅಂಕಿ ಜರ್ರನೆ ಇಳಿಯುತ್ತದೆ.

ಇನ್ನು, ಯಾವ ಉಕ್ಕು? ಮನೆ ಕಟ್ಟುವವರಿಗೆಲ್ಲ ಗೊತ್ತಿರುವ ಎಫ್‌ಇ 500 ಟಿಎಂಟಿ ಕಂಬಿಯ ಎಳೆತಬಲ ಅರ್ಧ ಗಿಗಾಪ್ಯಾಸ್ಕಲ್‌ಗಿಂತ ಸ್ವಲ್ಪ ಹೆಚ್ಚು. ಅದರ ಪಕ್ಕ 63 ಇಟ್ಟರೆ ನೂರು ಪಟ್ಟು ದಾಟುತ್ತದೆ. ಪಿಯಾನೋ ತಂತಿಯ ಬಲ 2 ಗಿಗಾಪ್ಯಾಸ್ಕಲ್ ಮೀರುತ್ತದೆ. ಅದರ ಪಕ್ಕ ಅದೇ ಪ್ರಯೋಗದ 11 ಇಟ್ಟರೆ ಆರು ಪಟ್ಟೂ ತುಂಬುವುದಿಲ್ಲ. ಉತ್ತಮ ಕೊಳವೆಯನ್ನು ಸಾಧಾರಣ ಕಂಬಿಗೆ ಹೋಲಿಸಿದ್ದು ನಮ್ಮ ಆಯ್ಕೆ.

ಒಂದು ಕೊಳವೆಯಿಂದ ಒಂದು ವಸ್ತುವಿಗೆ ಬರುವ ಹೊತ್ತಿಗೆ ಕಥೆಯೇ ಬೇರೆ. ಎಪಾಕ್ಸಿ ರಾಳದಲ್ಲಿ ಗಾತ್ರದ ಶೇ 1ರಷ್ಟು ನ್ಯಾನೋಟ್ಯೂಬ್ ಬೆರೆಸಿದೆವು ಎನ್ನೋಣ. ಪ್ರತಿ ಕೊಳವೆಯೂ 63 ಗಿಗಾಪ್ಯಾಸ್ಕಲ್‌ನದು, ಎಲ್ಲವೂ ಎಳೆಯುವ ದಿಕ್ಕಿಗೇ ಸಾಲಾಗಿ ಮಲಗಿವೆ, ರಾಳ ಒಂದನ್ನೂ ಜಾರಗೊಡುವುದಿಲ್ಲ ಎಂದು ಧಾರಾಳವಾಗಿ ಒಪ್ಪಿಕೊಂಡರೂ ಅವು ತಂದುಕೊಡುವ ಬಲ 0.63 ಗಿಗಾಪ್ಯಾಸ್ಕಲ್. ಹೆಚ್ಚೂಕಡಿಮೆ ಟಿಎಂಟಿ ಕಂಬಿಯಷ್ಟು. ನಿಜದಲ್ಲಿ ಕೊಳವೆಗಳು ದಿಕ್ಕಾಪಾಲಾಗಿರುತ್ತವೆ, ಆ ಒಂದು ಕಾರಣಕ್ಕೇ ಲಾಭ ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ. ಇನ್ನಷ್ಟು ಸುರಿದರೆ? ರಾಳ ಗಟ್ಟಿಯಾಗಿ ಕಲಸಲು ಬರುವುದಿಲ್ಲ. ಪರಸ್ಪರ ಅಂಟಿಕೊಳ್ಳುವ ಗುಣದ ಕೊಳವೆಗಳು ಅವಸರದಲ್ಲಿ ತಿರುವಿದ ಮುದ್ದೆಯ ಹಾಗೆ ಗಂಟುಕಟ್ಟುತ್ತವೆ. ಪ್ರತಿ ಗಂಟೂ ಬಿರುಕು ಹುಟ್ಟುವ ಜಾಗ. ಬಲ ಕೂಡಿಸಲು ಹಾಕಿದ್ದೇ ಬಲ ಕಳೆಯುತ್ತದೆ.

ಇದಕ್ಕಿಂತ ಕಠಿಣ ತೊಡಕು ಕೊಳವೆಯ ಮೈಯಲ್ಲಿದೆ. ಗೋಡೆಯ ಒಂದೊಂದು ಇಂಗಾಲದ ಪರಮಾಣುವೂ ತನ್ನ ನೆರೆಯ ಮೂರರೊಡನೆ ಬಿಗಿಯಾಗಿ ಕೈಹಿಡಿದಿರುವುದರಿಂದಲೇ ಅದಕ್ಕೆ ಅಷ್ಟು ಬಲ. ಅದೇ ಕಾರಣಕ್ಕೆ ಹೊರಗಿನ ರಾಳಕ್ಕೆ ಚಾಚಲು ಅದರ ಬಳಿ ಬಿಡುವಾದ ಕೈ ಉಳಿದಿಲ್ಲ; ಎಳೆದರೆ ನುಣ್ಣಗೆ ಜಾರುತ್ತದೆ. ಆಮ್ಲದಲ್ಲಿ ಕುದಿಸಿ ಮೈ ಒರಟು ಮಾಡಿದರೆ ರಾಳ ಹಿಡಿಯುತ್ತದೆ, ಆದರೆ ಗೋಡೆ ಅಲ್ಲಲ್ಲಿ ಹರಿದು ಕೊಳವೆಯ ಸ್ವಂತ ಬಲ ಕುಗ್ಗುತ್ತದೆ. ಹಿಡಿತ ಬೇಕೆಂದರೆ ಬಲ ಬಿಡಬೇಕು, ಬಲ ಬೇಕೆಂದರೆ ಹಿಡಿತ ಬಿಡಬೇಕು.

ಇಷ್ಟಾದರೂ ಆಟದ ಸಾಮಾನುಗಳವರು ತಡಮಾಡಲಿಲ್ಲ. ಟೆನಿಸ್ ರ‍್ಯಾಕೆಟ್, ಬೇಸ್‌ಬಾಲ್ ಬ್ಯಾಟ್‌ಗಳ ಮೇಲೆ ನ್ಯಾನೋ ಹೆಸರು ಬಂತು. 2006ರ ಟೂರ್ ದ ಫ್ರಾನ್ಸ್‌ನಲ್ಲಿ ಫ್ಲಾಯ್ಡ್ ಲ್ಯಾಂಡಿಸ್ ಓಡಿಸಿದ ಬಿಎಂಸಿ ಸೈಕಲ್ಲಿನ ಚೌಕಟ್ಟಿನಲ್ಲಿ ನ್ಯಾನೋಟ್ಯೂಬ್ ಇತ್ತೆಂಬುದು ದೊಡ್ಡ ಸುದ್ದಿಯಾಯಿತು. ಸವಾರನ ಮೈಯಲ್ಲಿ ಯಾವ ಉದ್ದೀಪನ ಮದ್ದಿತ್ತು ಎಂಬುದು ಆಮೇಲೆ ಅದಕ್ಕಿಂತ ದೊಡ್ಡ ಸುದ್ದಿಯಾಗಿ ಪಟ್ಟ ಕೈತಪ್ಪಿತು. ಚೌಕಟ್ಟಿನ ಭಾರ ಹೊತ್ತದ್ದು ಮುಖ್ಯವಾಗಿ ಹಳೆಯ ಕಾರ್ಬನ್ ಫೈಬರೇ. ಜರ್ಮನಿಯ ಬಾಯರ್ ಸಂಸ್ಥೆ ಭಾರೀ ನಿರೀಕ್ಷೆಯಿಂದ ಲೆವರ್‌ಕುಸೆನ್‌ನಲ್ಲಿ ಘಟಕ ತೆರೆದು, 2013ರಲ್ಲಿ ಈ ವ್ಯವಹಾರದಿಂದಲೇ ಕೈತೊಳೆದುಕೊಂಡಿತು. ಬಾಹ್ಯಾಕಾಶಕ್ಕೆ ಹಗ್ಗ ಕಟ್ಟಿ ಲಿಫ್ಟ್ ಓಡಿಸುವ ಯೋಜನೆಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಅದಕ್ಕೆ ಬೇಕಾದಂಥ ಗಟ್ಟಿ ಹಗ್ಗಕ್ಕೆ ನಾಸಾ ಇಟ್ಟಿದ್ದ ಬಹುಮಾನವನ್ನು ಯಾರೂ ಗೆಲ್ಲಲಿಲ್ಲ.

ನಮ್ಮ ಕಡೆ ಇದೇ ನಂಬಿಕೆಗೆ ಇನ್ನೊಂದು ರೂಪವಿದೆ. 2006ರಲ್ಲಿ ಡ್ರೆಸ್ಡೆನ್‌ನ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಡಮಾಸ್ಕಸ್ ಖಡ್ಗವೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ ನೋಡಿದಾಗ ನ್ಯಾನೋಟ್ಯೂಬ್ ಕಂಡವೆಂದು ವರದಿ ಮಾಡಿತು. ಇಂಥ ಖಡ್ಗಗಳಿಗೆ ಉಕ್ಕು ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ, ಮೈಸೂರು ಸೀಮೆಯೂ ಅದರಲ್ಲಿ ಸೇರಿತ್ತು. ನಮ್ಮ ಹಿರಿಯರಿಗೆ ನ್ಯಾನೋ ತಂತ್ರಜ್ಞಾನ ಕರತಲಾಮಲಕವಾಗಿತ್ತು ಎಂಬ ಭಾಷಣ ಅಲ್ಲಿಂದ ಶುರು. ಆ ವರದಿ ಹೇಳಿದ್ದು ಕೊಳವೆಗಳು ಇವೆ ಎಂದಷ್ಟೇ. ಖಡ್ಗದ ಬಲ ಅವುಗಳಿಂದಲೇ ಬಂತೆಂದು ಅಳೆದು ತೋರಿಸಲಿಲ್ಲ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವವರ ಕೆಲಸವನ್ನು ಹತ್ತಿರದಿಂದ ಕಂಡು ಬರೆದಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಟ್ಟಿಗೆ, ಹಸಿ ಎಲೆ, ಮೆತ್ತಿ ಮುಚ್ಚಿ ಕುಲುಮೆಗೆ. ಸುಮಾರು ಶೇ 1.5ರಷ್ಟು ಇಂಗಾಲ ಉಕ್ಕಿಗೆ ಸೇರುವಂತೆ ಕಣ್ಣಂದಾಜಿನಲ್ಲೇ ಹದ ಹಿಡಿದ ಆ ಕೈಗೆ ನ್ಯಾನೋ ಪ್ರಶಸ್ತಿಯ ಅಗತ್ಯವಿಲ್ಲ. ಅದನ್ನು ಕೊಡಲು ಹೊರಟವರು ಮೂಸೆ, ಅದಿರು, ಬೆಂಕಿಯ ಬಗ್ಗೆ ಆ ಉಕ್ಕು ಮಾಡುವವರಿಗಿದ್ದ ನಿಜವಾದ ತಿಳಿವಳಿಕೆಯನ್ನೇ ಮರೆಯುತ್ತಾರೆ.

ಹಾಗಾದರೆ ನ್ಯಾನೋಟ್ಯೂಬ್ ವಸ್ತುಗಳನ್ನು ಗಟ್ಟಿ ಮಾಡುವುದೇ ಇಲ್ಲವೇ? ಮಾಡುತ್ತದೆ, ಆದರೆ ನಾವು ನೋಡದ ಜಾಗದಲ್ಲಿ. ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45 ಕಾರ್ಬನ್ ಫೈಬರ್ ಸಂಯುಕ್ತ; ಅದರ ಹಲವು ಭಾಗಗಳು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ರೂಪುಗೊಂಡವು. ಫೈಬರ್ ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ರಾಳದಿಂದ ಬೆಸೆದು, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿದ ಹಲಗೆ ಅದು. ಹಾಳೆಯ ಉದ್ದಕ್ಕೆ ಅಸಾಧ್ಯ ಬಲ. ಹಾಳೆ ಮತ್ತು ಹಾಳೆಯ ನಡುವೆ ಮಾತ್ರ ಬರೀ ರಾಳ. ರಿಪೇರಿಯವನ ಕೈಜಾರಿ ಸ್ಪ್ಯಾನರ್ ಬಿದ್ದರೆ ಮೇಲೆ ಗೀರೂ ಕಾಣಿಸದೆ ಒಳಗೆ ಪದರ ಬಿಟ್ಟುಕೊಳ್ಳಬಹುದು. ಅದನ್ನು ಹುಡುಕಲು ಅಲ್ಟ್ರಾಸೌಂಡ್ ಹಿಡಿದು ತಡಕಬೇಕು. ಇಂಥ ಹಲಗೆಗಳ ದೊಡ್ಡ ದೌರ್ಬಲ್ಯವೇ ಇದು.

ಎಂಐಟಿಯ ಬ್ರಯಾನ್ ವಾರ್ಡಲ್ ಗುಂಪು ಈ ಸಂದಿಯಲ್ಲಿ ನ್ಯಾನೋಟ್ಯೂಬುಗಳನ್ನು ಹುಲ್ಲಿನಂತೆ ನೆಟ್ಟಗೆ ನಿಲ್ಲಿಸಿತು. ಕೊಳವೆಗಳು ಫೈಬರಿಗಿಂತ ಎಷ್ಟೋ ತೆಳು, ಎರಡೂ ಹಾಳೆಗಳ ಎಳೆಗಳ ನಡುವೆ ತೂರಿಕೊಂಡು ಪದರಗಳನ್ನು ಹೊಲಿಯುತ್ತವೆ. ಹಲಗೆಗೆ ತೂತು ಕೊರೆದು ಬೋಲ್ಟ್ ಹಾಕಿ ಎಳೆದ ಪರೀಕ್ಷೆಯಲ್ಲಿ ಶೇ 30ರಷ್ಟು ಹೆಚ್ಚಿನ ಬಲ ಕಂಡಿತೆಂದು 2016ರಲ್ಲಿ ಅವರು ಹೇಳಿದರು. ನೂರು ಪಟ್ಟು ಎಂದು ಕೇಳಿದ ಕಿವಿಗೆ ಶೇ 30 ಚಿಲ್ಲರೆ. ವಿಮಾನ ಕಟ್ಟುವವರನ್ನು ಕೇಳಿ, ಬೋಲ್ಟಿನ ತೂತಿನಲ್ಲಿ ಸಿಗುವ ಶೇ 30 ಎಂದರೆ ಎಷ್ಟೆಂದು ಅವರು ಹೇಳುತ್ತಾರೆ.

ವ್ಯಾಪಾರವಂತೂ ಮತ್ತೊಂದು ದಾರಿ ಹಿಡಿದಿದೆ. 1990ರ ದಶಕದಿಂದಲೇ ಕಾರಿನ ಪೆಟ್ರೋಲ್ ಕೊಳವೆಗಳ ಪ್ಲಾಸ್ಟಿಕ್ಕಿಗೆ ಇದನ್ನು ಬೆರೆಸಲಾಗುತ್ತಿದೆ. ಸ್ಥಿರವಿದ್ಯುತ್ ಶೇಖರವಾಗಿ ಕಿಡಿ ಹಾರಬಾರದೆಂದು. 2011ರಲ್ಲಿ ಗುರುಗ್ರಹಕ್ಕೆ ಹೊರಟ ಜುನೋ ನೌಕೆಯಲ್ಲೂ ನ್ಯಾನೋಟ್ಯೂಬ್ ಹಾಳೆಯದು ಅದೇ ಕೆಲಸ. ಈಗಿನ ದೊಡ್ಡ ಗಿರಾಕಿ ಲಿಥಿಯಂ ಬ್ಯಾಟರಿ. ಸಿಲಿಕಾನ್ ಬೆರೆಸಿದ ಬ್ಯಾಟರಿಗಳಲ್ಲಿ ಆ ಕಣಗಳು ಚಾರ್ಜ್ ಆಗುವಾಗ ಮೂರು ಪಟ್ಟಿಗೂ ಮಿಕ್ಕಿ ಉಬ್ಬಿ, ಖಾಲಿಯಾಗುವಾಗ ಕುಗ್ಗಿ, ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಉದ್ದನೆಯ ಕೊಳವೆಗಳು ಅವನ್ನು ಬಲೆಯಂತೆ ಹಿಡಿದು ವಿದ್ಯುತ್ತಿನ ದಾರಿ ಕಡಿಯದಂತೆ ಕಾಯುತ್ತವೆ. ಇದೂ ಗಟ್ಟಿತನವೇ, ಗಿಗಾಪ್ಯಾಸ್ಕಲ್‌ನಲ್ಲಿ ಹೇಳಲು ಬಾರದ ಗಟ್ಟಿತನ.

ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯದವರು 2018ರಲ್ಲಿ ಕೊಳವೆಗಳ ಕಟ್ಟಿನಲ್ಲೇ 80 ಗಿಗಾಪ್ಯಾಸ್ಕಲ್ ದಾಟಿದರಲ್ಲ ಎಂದು ಯಾರಾದರೂ ಕೇಳಬಹುದು. ದಾಟಿದ್ದು ನಿಜ, ಸೊಗಸಾದ ಕೆಲಸ. ಆದರೆ ಆ ಕಟ್ಟಿನ ಉದ್ದ ಸೆಂಟಿಮೀಟರುಗಳಲ್ಲಿ, ಅದರೊಳಗಿದ್ದ ಕೊಳವೆಗಳು ಬೆರಳೆಣಿಕೆಯಷ್ಟು. ಮೀಟರುಗಟ್ಟಲೆ ನೂಲುವ ರೈಸ್ ವಿಶ್ವವಿದ್ಯಾಲಯದವರ ದಾರ 2021ರಲ್ಲಿ ಮುಟ್ಟಿದ್ದು 4.2 ಗಿಗಾಪ್ಯಾಸ್ಕಲ್, ಅಂಗಡಿಯಲ್ಲಿ ಸಿಗುವ ತೋರೆ ಕಂಪನಿಯ ಟಿ1000 ಕಾರ್ಬನ್ ಫೈಬರಿನದು 6ಕ್ಕೂ ಮೇಲು. ಆದರೂ ಆ ದಾರ ಬೆಲೆಬಾಳುತ್ತದೆ, ಏಕೆಂದರೆ ತೂಕಕ್ಕೆ ತೂಕ ನೋಡಿದರೆ ಅದು ತಾಮ್ರದ ಸಮಸಮಕ್ಕೆ ವಿದ್ಯುತ್ ಹರಿಸುತ್ತದೆ, ತಾಮ್ರಕ್ಕಿಂತ ಎಷ್ಟೋ ಗಟ್ಟಿ.

ಗಟ್ಟಿತನದ ಗುಂಗಿನಲ್ಲಿ ಹಿಂದೆ ಸರಿದ ಸಂಗತಿ ಇನ್ನೊಂದಿದೆ. ಉದ್ದ, ತೆಳು, ಬಾಗದ, ದೇಹದಲ್ಲಿ ಕರಗದ ಎಳೆ ಎಂದರೆ ಕಲ್ನಾರಿನ ವರ್ಣನೆಯೂ ಹೌದು. 2008ರಲ್ಲಿ ಎಡಿನ್‌ಬರಾದ ಸಂಶೋಧಕರು ಉದ್ದನೆಯ ಬಹುಗೋಡೆ ಕೊಳವೆಗಳನ್ನು ಇಲಿಗಳ ಹೊಟ್ಟೆಗೆ ಚುಚ್ಚಿದಾಗ ಕಲ್ನಾರಿನಂಥದೇ ಉರಿಯೂತ ಕಂಡಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಒಂದು ಬಗೆಯ ನ್ಯಾನೋಟ್ಯೂಬನ್ನು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತು. ಎಲ್ಲ ಬಗೆಗಳನ್ನೂ ಅಲ್ಲ. ರಾಳದಲ್ಲಿ ಹೂತಿರುವ ತನಕ ಅಪಾಯ ಕಡಿಮೆ. ಕೊರೆಯುವಾಗ, ಉಜ್ಜುವಾಗ ಏಳುವ ಧೂಳಿನದು ಬೇರೆ ಮಾತು. ಕಲ್ನಾರು ಶೀಟುಗಳನ್ನು ಮೂಗಿಗೆ ಬಟ್ಟೆಯೂ ಇಲ್ಲದೆ ಕೊಯ್ಯುವವರು ಈಗಲೂ ಇರುವ ದೇಶದಲ್ಲಿ, ಈ ಹಲಗೆಗಳಿಗೆ ತೂತು ಕೊರೆಯುವ ಕೆಲಸ ಸಣ್ಣ ವರ್ಕ್‌ಶಾಪುಗಳಿಗೆ ಇಳಿಯುವ ಮೊದಲೇ ಧೂಳು ಹೀರುವ ಯಂತ್ರವೂ ಮುಖಗವಸೂ ಕಡ್ಡಾಯವಾಗಬೇಕು.